ಬದುವಿನ ಜಗಳ ಠಾಣೆ ಮೆಟ್ಟಿಲು ಹತ್ತಿದಾಗ: ದೂರಿನಿಂದ ತೀರ್ಪಿನವರೆಗೆ

ಒಂದು ಜಗಳವನ್ನೇ ತೆಗೆದುಕೊಳ್ಳೋಣ. ಮೇಲಿನ ಹೊಲದವರು ಉಳುವಾಗ ಬದು ಒತ್ತರಿಸಿದರು ಅಂತ ಕೆಳಗಿನ ಹೊಲದವರು ಕೇಳಲು ಹೋದರು. ಮಾತಿಗೆ ಮಾತು ಬೆಳೆಯಿತು. ಒಬ್ಬ ಕಪಾಳಕ್ಕೆ ಹೊಡೆದ. ಇನ್ನೊಬ್ಬ ಕೈಯಲ್ಲಿದ್ದ ಕುಡುಗೋಲು ಬೀಸಿದ, ಮುಂಗೈ ಸೀಳಿತು. ಸಂಜೆ ಹೊತ್ತಿಗೆ ಎರಡೂ ಮನೆಯವರು ಠಾಣೆ ಮುಂದೆ ನಿಂತಿದ್ದಾರೆ. ಕರ್ನಾಟಕದ ಯಾವ ತಾಲ್ಲೂಕು ಕೋರ್ಟಿಗೆ ಹೋದರೂ ಇಂಥ ಕಡತ ಸಿಗುತ್ತದೆ.

ಇಂಥ ಕೇಸು ಕೆಡುವುದು ಹೆಚ್ಚಾಗಿ ಮೊದಲ ಮೂರ್ನಾಲ್ಕು ದಿನಗಳಲ್ಲಿ, ವಕೀಲರನ್ನು ಕಾಣುವ ಮೊದಲೇ. ದೂರನ್ನು ಯಾರೋ ಬರೆದುಕೊಟ್ಟಾಗ, ಆಸ್ಪತ್ರೆಗೆ ಹೋಗದೆ ಅರಿಶಿನ ಹಚ್ಚಿಕೊಂಡು ಮಲಗಿದಾಗ, ಓದದೆ ಸಹಿ ಹಾಕಿದಾಗ. ಹಾಗಾಗಿ ಆ ದಿನಗಳ ಬಗ್ಗೆಯೇ ಇಲ್ಲಿ ಜಾಸ್ತಿ ಹೇಳುತ್ತೇನೆ. ದೂರು ಕೊಟ್ಟವರಿಗೂ ಇದು ಬೇಕು, ಆರೋಪಿಗಳಿಗೂ ಬೇಕು. ಬದುವಿನ ಜಗಳದಲ್ಲಿ ಬೆಳಿಗ್ಗೆ ದೂರುದಾರ ಆದವರು ಸಂಜೆಗೆ ಆರೋಪಿಯೂ ಆಗಿರುತ್ತಾರೆ, ಅಲ್ವಾ?

ಈಗ ಯಾವ ಕಾನೂನು?

2024ರ ಜುಲೈ 1ರಿಂದ ಮೂರು ಹೊಸ ಕಾನೂನು ಜಾರಿಯಲ್ಲಿವೆ. 1860ರ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಯಾವುದು ಅಪರಾಧ, ಶಿಕ್ಷೆ ಎಷ್ಟು ಅನ್ನುವುದು ಅದರಲ್ಲಿದೆ. 1973ರ ಸಿಆರ್‌ಪಿಸಿ ಜಾಗಕ್ಕೆ ಬಂದಿರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಪೊಲೀಸರು ಮತ್ತು ಕೋರ್ಟು ಹೇಗೆ ನಡೆಯಬೇಕು ಅಂತ ಅದು ಹೇಳುತ್ತದೆ. 1872ರ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಬಾಯಲ್ಲಿ ಇವು ಬಿಎನ್‌ಎಸ್, ಬಿಎನ್‌ಎಸ್‌ಎಸ್, ಬಿಎಸ್‌ಎ.

ಘಟನೆ ನಡೆದ ದಿನ ಮುಖ್ಯ. 2024ರ ಜೂನ್ 30ರವರೆಗಿನ ಅಪರಾಧಕ್ಕೆ ಇವತ್ತು ದೂರು ಕೊಟ್ಟರೂ ಐಪಿಸಿಯ ಕಲಮುಗಳೇ ಅನ್ವಯ. ಊರಲ್ಲಿ ಎಲ್ಲರ ಬಾಯಲ್ಲೂ ಇರುವ ಐಪಿಸಿಯ "323, 324, 504, 506" (ಕೈಯೇಟು, ಆಯುಧದ ಏಟು, ಬೈಗುಳ, ಬೆದರಿಕೆ) ಈಗ ಬಿಎನ್‌ಎಸ್‌ನಲ್ಲಿ ಕ್ರಮವಾಗಿ 115(2), 118(1), 352, 351 ಆಗಿವೆ. ಇವುಗಳ ಬೆನ್ನಿಗೇ ಬರುತ್ತಿದ್ದ 34, ಅಂದರೆ ಹಲವರು ಒಂದೇ ಉದ್ದೇಶದಿಂದ ಸೇರಿ ಮಾಡಿದ್ದು, ಈಗ 3(5).

ಎರಡು ಪ್ರಶ್ನೆ ಮೊದಲು ಕೇಳಿಕೊಳ್ಳಿ

ಇದು ಸಂಜ್ಞೇಯ ಅಪರಾಧವೇ? ಇದು ಜಾಮೀನೀಯವೇ, ಅಂದರೆ ಜಾಮೀನು ಹಕ್ಕಾಗಿ ಸಿಗುವಂಥದ್ದೇ? ಮುಂದಿನ ದಾರಿಯೆಲ್ಲ ಈ ಎರಡು ಉತ್ತರಗಳ ಮೇಲೆ ನಿಂತಿದೆ.

ಸಂಜ್ಞೇಯ ಅಂದರೆ ಪೊಲೀಸರು ಕೋರ್ಟಿನ ಅಪ್ಪಣೆಗೆ ಕಾಯದೆ ಎಫ್‌ಐಆರ್ ಹಾಕಿ ತನಿಖೆ ಮಾಡಬಹುದಾದ ಅಪರಾಧ. ಅಸಂಜ್ಞೇಯ ಆದರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ತನಿಖೆ ಮಾಡುವಂತಿಲ್ಲ. ನಮ್ಮ ಜಗಳದಲ್ಲಿ ಕಪಾಳಕ್ಕೆ ಹೊಡೆದದ್ದು 115(2): ಒಂದು ವರ್ಷದವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅದು ಅಸಂಜ್ಞೇಯ, ಜಾಮೀನೀಯ. ಬೈದದ್ದು, ಬೆದರಿಸಿದ್ದು ಕೂಡ ಅಸಂಜ್ಞೇಯವೇ. ಕುಡುಗೋಲು ಬೀಸಿದ್ದು 118(1): ಮೂರು ವರ್ಷದವರೆಗೆ ಸಜೆ, ಸಂಜ್ಞೇಯ, ಜಾಮೀನುರಹಿತ. ಒಂದೇ ಘಟನೆಯಲ್ಲಿ ಎರಡೂ ಬಗೆಯ ಅಪರಾಧ ಇದ್ದರೆ ಇಡೀ ಕೇಸನ್ನು ಸಂಜ್ಞೇಯ ಅಂತಲೇ ನೋಡಬೇಕು ಎಂದು ಬಿಎನ್‌ಎಸ್‌ಎಸ್ 174ನೇ ಕಲಮು ಹೇಳುತ್ತದೆ.

ಮೂಳೆ ಮುರಿದರೆ, ಕೀಲು ತಪ್ಪಿದರೆ, ಹಲ್ಲು ಬಿದ್ದರೆ ಅದು "ತೀವ್ರ ಗಾಯ". ಗಾಯದಿಂದ 15 ದಿನ ತೀವ್ರ ನೋವಿದ್ದರೂ, ನಿತ್ಯದ ಕೆಲಸ ಮಾಡಲಾಗದಿದ್ದರೂ ಅದೇ ಲೆಕ್ಕ. ಐಪಿಸಿಯಲ್ಲಿ ಇದು 20 ದಿನ ಇತ್ತು. ಶಿಕ್ಷೆ ಏಳು ವರ್ಷದವರೆಗೆ ಏರುತ್ತದೆ. ಒಂದು ಎಕ್ಸ್‌ರೇಯಿಂದ ಕೇಸಿನ ತೂಕವೇ ಬದಲಾಗುವುದು ಹೀಗೆ.

ಕಳ್ಳತನದಲ್ಲೂ ಇಂಥದ್ದೊಂದು ಗೆರೆ ಇದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳ್ಳತನ ಈಗ ಅಸಂಜ್ಞೇಯ. ಅದರಾಚೆಗಿನದು ಸಂಜ್ಞೇಯ, ಜಾಮೀನುರಹಿತ. ಫೋನ್ ಕಳೆದುಕೊಂಡವರು ಬಿಲ್ಲು ಹಿಡಿದುಕೊಂಡು ಹೋಗಿ ಅನ್ನುವುದು ಇದಕ್ಕೇ.

ಮೊದಲು ಆಸ್ಪತ್ರೆ

ರಕ್ತ ಬಂದಿದೆ, ಊತ ಇದೆ ಅಂದರೆ ಠಾಣೆಗಿಂತ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. "ಜಗಳದಲ್ಲಿ ಪೆಟ್ಟಾಗಿದೆ" ಅಂತ ಸ್ಪಷ್ಟವಾಗಿ ಹೇಳಿ. ಬಿದ್ದು ಗಾಯವಾಯಿತು ಅಂತ ಮುಜುಗರಕ್ಕೆ ಹೇಳಿದರೆ ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ. ವರ್ಷಗಳ ನಂತರ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಪ್ರಶ್ನೆ ಕೇಳುವಾಗ, ಅಂದರೆ ಪಾಟೀಸವಾಲಿನಲ್ಲಿ, ಆ ಒಂದು ಸಾಲನ್ನು ಹಿಡಿದೇ ಕೇಸನ್ನು ಒಡೆಯುತ್ತಾರೆ. ಯಾರು, ಯಾವುದರಿಂದ, ಎಷ್ಟು ಹೊತ್ತಿಗೆ ಹೊಡೆದರು ಅನ್ನುವುದನ್ನು ಹೇಳಿ. ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಅಂತ ದಾಖಲಿಸಿ ಠಾಣೆಗೆ ತಿಳಿಸುತ್ತಾರೆ. ಗಾಯದ ಪ್ರಮಾಣಪತ್ರ ಈ ದಾಖಲೆಯ ಮೇಲೆಯೇ ತಯಾರಾಗುತ್ತದೆ.

ರಕ್ತ ಹತ್ತಿದ ಅಂಗಿಯನ್ನು ಒಗೆಯಬೇಡಿ. ಒಣಗಿಸಿ, ಪೇಪರ್ ಕವರಿನಲ್ಲಿಟ್ಟು ತನಿಖಾಧಿಕಾರಿಗೆ ಕೊಡಿ. ಫೋಟೋ, ವಿಡಿಯೋ ತೆಗೆದಿದ್ದರೆ ಮೂಲ ಫೈಲು ತೆಗೆದ ಫೋನಿನಲ್ಲೇ ಇರಲಿ. ಕತ್ತರಿಸಬೇಡಿ, ಮೇಲೆ ಏನೂ ಬರೆಯಬೇಡಿ. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬಿಎಸ್‌ಎ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಆಗ ಮೂಲ ಫೈಲು ಕೇಳುತ್ತಾರೆ. ಹತ್ತಿರದ ಅಂಗಡಿಯ ಸಿಸಿಟಿವಿಯಲ್ಲಿ ಘಟನೆ ಸೆರೆಯಾಗಿದ್ದರೆ ಅವತ್ತೇ ಪೊಲೀಸರ ಗಮನಕ್ಕೆ ತನ್ನಿ. ಹಳೆಯ ದೃಶ್ಯದ ಮೇಲೆ ಹೊಸದು ಬೀಳುತ್ತಲೇ ಇರುತ್ತದೆ.

ದೂರು ಬರೆಯುವುದು

ನಮ್ಮಲ್ಲಿ ದೂರು ಅಂದರೆ ಒಂದು ಸಿದ್ಧ ವಾಕ್ಯ ಇದೆ: "ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಕಾಲಿನಿಂದ ಒದ್ದು, ಜೀವ ಬೆದರಿಕೆ ಹಾಕಿರುತ್ತಾರೆ." ಸಾವಿರಾರು ಕಡತಗಳಲ್ಲಿ ಇದೇ ವಾಕ್ಯ. ನ್ಯಾಯಾಧೀಶರಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ. ಯಾರು ಬೈದರು? ಯಾರು ಒದ್ದರು? ಯಾವಾಗ?

ಹೀಗೆ ಬರೆದರೆ ನೋಡಿ: "ಭಾನುವಾರ ಬೆಳಿಗ್ಗೆ ಸುಮಾರು 9 ಗಂಟೆಗೆ ನಮ್ಮ ಹೊಲದ ತೆಂಕಲ ಬದುವಿನ ಹತ್ತಿರ ನಾನು ಮತ್ತು ನನ್ನ ತಮ್ಮ ನಿಂತಿದ್ದೆವು. ಮೇಲಿನ ಹೊಲದ ಅಣ್ಣತಮ್ಮಂದಿರು ಇಬ್ಬರು ಬಂದರು. ದೊಡ್ಡವನು ನನ್ನ ಎಡ ಕೆನ್ನೆಗೆ ಕೈಯಿಂದ ಹೊಡೆದ. ಚಿಕ್ಕವನು ಕುಡುಗೋಲಿನಿಂದ ನನ್ನ ಬಲ ಮುಂಗೈಗೆ ಹೊಡೆದ. ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಇಬ್ಬರು ಹೆಣ್ಣುಮಕ್ಕಳು ಓಡಿಬಂದು ಬಿಡಿಸಿದರು." ದೂರಿನಲ್ಲಿ ಇಸವಿ ಸಮೇತ ತಾರೀಖು, ಸರ್ವೆ ನಂಬರು, ಎಲ್ಲರ ಹೆಸರು ಇರಬೇಕು ಅಷ್ಟೇ. ಒಬ್ಬೊಬ್ಬರೂ ಏನು ಮಾಡಿದರು ಅನ್ನುವುದು ಬೇರೆಬೇರೆಯಾಗಿ ಬಂದರೆ ದೂರಿಗೆ ಬಲ ಬರುತ್ತದೆ.

ಒಂದು ವಿಷಯ ಬಹಳ ಕಳಕಳಿಯಿಂದ ಹೇಳಬೇಕು. ಜಾಗದಲ್ಲಿ ಇರದವರ ಹೆಸರು ಸೇರಿಸಬೇಡಿ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣನನ್ನೂ, ಅಡುಗೆ ಮನೆಯಲ್ಲಿದ್ದ ತಾಯಿಯನ್ನೂ "ಒಂದು ಪಾಠ ಕಲಿಸೋಣ" ಅಂತ ಎಳೆದು ತರುತ್ತಾರೆ. ಅಣ್ಣ ತನ್ನ ಆಫೀಸಿನ ಹಾಜರಾತಿ ತಂದು ತೋರಿಸಿದ ದಿನ ಇಡೀ ದೂರಿನ ಮೇಲೆ ಅನುಮಾನ ಬೀಳುತ್ತದೆ, ನಿಜವಾಗಿ ಕುಡುಗೋಲು ಬೀಸಿದವನೂ ಅದರ ಲಾಭ ಪಡೆಯುತ್ತಾನೆ. ತಪ್ಪು ಮಾಡದ ಒಬ್ಬ ಹೆಂಗಸು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದು ಸಣ್ಣ ಸಂಕಟವಲ್ಲ. ಸುಳ್ಳು ದೂರಿಗೆ ಬಿಎನ್‌ಎಸ್ 217 ಮತ್ತು 248ರಲ್ಲಿ ಶಿಕ್ಷೆಯೂ ಇದೆ.

ದೂರು ತಡವಾಗಿದ್ದರೆ ಯಾಕೆ ಅಂತ ದೂರಿನಲ್ಲೇ ಬರೆಯಿರಿ. ಆಸ್ಪತ್ರೆಯಲ್ಲಿದ್ದೆ, ಊರಿನ ಹಿರಿಯರು ರಾಜಿ ಮಾಡಿಸುತ್ತೇವೆ ಅಂದಿದ್ದರು, ಏನಿತ್ತೋ ಅದು. ಬರೆಯಲು ಬಾರದವರು ಬಾಯಿಮಾತಲ್ಲಿ ಹೇಳಬಹುದು. ಬರೆದುಕೊಂಡ ಅಧಿಕಾರಿ ಅದನ್ನು ಓದಿ ಹೇಳಲೇಬೇಕು, ಆಮೇಲೆಯೇ ಸಹಿ. ವಾಟ್ಸ್‌ಆ್ಯಪ್, ಇಮೇಲ್ ಮೂಲಕ ಕಳಿಸಿದ ಮಾಹಿತಿಯನ್ನೂ ಬಿಎನ್‌ಎಸ್‌ಎಸ್ 173ನೇ ಕಲಮು ಒಪ್ಪುತ್ತದೆ. ಆದರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು.

ಠಾಣೆಯಲ್ಲಿ

ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು. 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಖಚಿತವಾಗಿ ಹೇಳಿತು. "ಇದು ನಮ್ಮ ಲಿಮಿಟ್ ಅಲ್ಲ" ಅನ್ನುವ ಮಾತಿಗೂ ಈಗ ಜಾಗ ಇಲ್ಲ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅವರು ಝೀರೋ ಎಫ್‌ಐಆರ್ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಒಂದು ಬದಲಾವಣೆ ಮಾತ್ರ ಗಮನದಲ್ಲಿಡಿ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಪೊಲೀಸರಿಗೆ ಅವಕಾಶ ಇದೆ.

ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬನ್ನಿ. ಮೊಕದ್ದಮೆ ನಂಬರು, ಕಲಮುಗಳು, ಘಟನೆಯ ಸಮಯ, ಹೆಸರುಗಳು ಸರಿ ಇವೆಯಾ ಅಂತ ಅಲ್ಲೇ ನೋಡಿ. ಆರೋಪಿಗಳೂ ಎಫ್‌ಐಆರ್ ನೋಡಬಹುದು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ರಾಜ್ಯ ಪೊಲೀಸರ ತಾಣದಲ್ಲಿ ಹುಡುಕಬಹುದು.

ಅಸಂಜ್ಞೇಯ ಆದರೆ ಎನ್‌ಸಿ ಅಂತ ಪುಸ್ತಕದಲ್ಲಿ ಬರೆದುಕೊಂಡು ಮ್ಯಾಜಿಸ್ಟ್ರೇಟರ ಕಡೆ ದಾರಿ ತೋರಿಸುತ್ತಾರೆ. ಹಾಗೆಂದು ಬರೆದುಕೊಡುವ ಹಿಂಬರಹವನ್ನು ತೆಗೆದುಕೊಳ್ಳಿ. ಕೋರ್ಟಿನ ಆದೇಶ ಇಲ್ಲದೆ ಎನ್‌ಸಿ ಕೇಸಿನಲ್ಲಿ ತನಿಖೆ ನಡೆದಿದ್ದರೆ, ಆದೇಶವನ್ನು ಕಾರಣ ಕೊಡದೆ "ಪರ್ಮಿಟೆಡ್" ಅಂತ ಒಂದೇ ಪದದಲ್ಲಿ ಬರೆದಿದ್ದರೆ, ಅಂಥ ಕೇಸುಗಳನ್ನು ನಮ್ಮ ಹೈಕೋರ್ಟ್ ಮತ್ತೆ ಮತ್ತೆ ರದ್ದು ಮಾಡಿದೆ. ಆರೋಪಿಗಳ ಕಡೆಯವರು ಮೊದಲು ನೋಡಬೇಕಾದ ಹಾಳೆ ಇದು. ಒಂದು ವರ್ಷದವರೆಗಿನ ಶಿಕ್ಷೆಯ ಅಪರಾಧವನ್ನು ಕೋರ್ಟ್ ಪರಿಗಣಿಸಲು ಒಂದು ವರ್ಷದ ಕಾಲಮಿತಿಯೂ ಇದೆ. ಕಪಾಳಕ್ಕೆ ಹೊಡೆದ ಕೇಸು ಸುಮ್ನೆ ಇಟ್ಟುಕೊಂಡರೆ ಸತ್ತುಹೋಗುತ್ತದೆ.

"ಇದು ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗ್ರಿ" ಅಂದರೆ? ಬದು ಯಾರದು ಅನ್ನುವುದು ನಿಜಕ್ಕೂ ಸಿವಿಲ್ ವಿಷಯವೇ. ಅದಕ್ಕೆ ಸರ್ವೆ ಇಲಾಖೆಗೆ ಹದ್ದುಬಸ್ತಿನ ಅರ್ಜಿ ಹಾಕಿ ಅಳತೆ ಮಾಡಿಸಬೇಕು. ಅದೂ ಒಪ್ಪಿಗೆಯಾಗದಿದ್ದರೆ ಸಿವಿಲ್ ಕೋರ್ಟು. ಆದರೆ ಕುಡುಗೋಲಿನ ಗಾಯ ಸಿವಿಲ್ ಅಲ್ಲ. ಎರಡನ್ನೂ ಬೇರೆಬೇರೆ ಮಾಡಿ ಹೇಳಿ. ಕ್ರಿಮಿನಲ್ ಕೇಸಿನಲ್ಲಿ ಗೆದ್ದರೂ ಬದು ಒಂದಡಿ ಕೂಡ ಸರಿಯುವುದಿಲ್ಲ. ಆದ್ದರಿಂದ ಅಳತೆಯ ಅರ್ಜಿಯನ್ನು ಅದೇ ವಾರ ಹಾಕಿಬಿಡಿ.

ದೂರು ತೆಗೆದುಕೊಳ್ಳಲಿಲ್ಲ ಅಂದರೆ ಜಗಳ ಆಡಬೇಡಿ. ಅದೇ ದೂರನ್ನು ಜಿಲ್ಲಾ ಎಸ್‌ಪಿಗೆ, ಬೆಂಗಳೂರಿನಂಥ ಕಡೆ ಡಿಸಿಪಿಗೆ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಅಂಚೆ ರಸೀದಿ ಮತ್ತು ಸ್ವೀಕೃತಿ ಇಟ್ಟುಕೊಳ್ಳಿ. ಅಲ್ಲೂ ಏನೂ ಆಗದಿದ್ದರೆ ಬಿಎನ್‌ಎಸ್‌ಎಸ್ 175(3)ರ ಕೆಳಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ, ಜೊತೆಗೆ ಅಫಿಡವಿಟ್. ಈ ಮೆಟ್ಟಿಲುಗಳನ್ನು ಹಾರಿ ನೇರ ಕೋರ್ಟಿಗೆ ಹೋದರೆ ಅರ್ಜಿ ನಿಲ್ಲುವುದಿಲ್ಲ.

ತನಿಖೆ ನಡೆಯುವಾಗ

ಪೊಲೀಸರು ಜಾಗಕ್ಕೆ ಬಂದು ಪಂಚರ, ಅಂದರೆ ಸ್ಥಳದ ಸಾಕ್ಷಿಗಳ, ಎದುರು ಮಹಜರು ಮಾಡುತ್ತಾರೆ, ಅಲ್ಲಿ ಕಂಡದ್ದನ್ನು ಬರೆದುಕೊಳ್ಳುತ್ತಾರೆ. ಶೋಧ, ಜಪ್ತಿಯನ್ನು ಈಗ ಆಡಿಯೋ-ವಿಡಿಯೋದಲ್ಲಿ ದಾಖಲಿಸಬೇಕು ಅನ್ನುತ್ತದೆ ಬಿಎನ್‌ಎಸ್‌ಎಸ್ 105ನೇ ಕಲಮು. ನಿಮ್ಮನ್ನು ಪಂಚರಾಗಿ ಕರೆದರೆ ಓದಿ, ಕಣ್ಣಾರೆ ಕಂಡದ್ದು ಮಾತ್ರ ಅದರಲ್ಲಿದೆ ಅಂತ ಖಾತ್ರಿ ಮಾಡಿಕೊಂಡು ಸಹಿ ಹಾಕಿ. ಠಾಣೆಯಲ್ಲಿ ಕೂತು ಸಹಿ ಹಾಕಿದವರು ಕೋರ್ಟಿನ ಕಟಕಟೆಯಲ್ಲಿ ಬೆವರುತ್ತಾರೆ, ಕೇಸೂ ಬೀಳುತ್ತದೆ.

ಸಾಕ್ಷಿಗಳ ಹೇಳಿಕೆಯನ್ನು ಪೊಲೀಸರು ಬಿಎನ್‌ಎಸ್‌ಎಸ್ 180ರ ಕೆಳಗೆ ಬರೆದುಕೊಳ್ಳುತ್ತಾರೆ. ಅದಕ್ಕೆ ಸಾಕ್ಷಿ ಸಹಿ ಹಾಕುವಂತಿಲ್ಲ, 181 ಹಾಗೆಂದು ಹೇಳುತ್ತದೆ. ಖಾಲಿ ಹಾಳೆಗೆ ಸಹಿ ಕೇಳಿದರೆ ಯಾವ ಕಾರಣಕ್ಕೂ ಹಾಕಬೇಡಿ. ಹೆಂಗಸರು, 15 ವರ್ಷದೊಳಗಿನ ಗಂಡುಮಕ್ಕಳು, 60 ದಾಟಿದ ಗಂಡಸರು, ಅಂಗವಿಕಲರು ಮತ್ತು ತೀವ್ರ ಕಾಯಿಲೆ ಇರುವವರನ್ನು ಸಾಕ್ಷಿ ಹೇಳಿಕೆಗೆ ಠಾಣೆಗೆ ಬನ್ನಿ ಅಂತ ಒತ್ತಾಯಿಸುವಂತಿಲ್ಲ. ಅವರ ಮನೆಗೇ ಬರಬೇಕು.

ಆರೋಪಿಯು ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೂ ಆ ಒಪ್ಪಿಗೆ ಅವರ ವಿರುದ್ಧ ಸಾಕ್ಷ್ಯವಾಗುವುದಿಲ್ಲ. ಅದರಿಂದ ಸಿಕ್ಕ ವಸ್ತುವಿನ ಮಟ್ಟಿಗೆ ಮಾತ್ರ, ಹೇಳಿದ್ದರಲ್ಲಿ ಅದಕ್ಕೆ ಸಂಬಂಧಿಸಿದ ಭಾಗ ನಡೆಯುತ್ತದೆ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ ಅಂತ ಸಂವಿಧಾನದ 20(3)ನೇ ವಿಧಿಯಲ್ಲಿದೆ.

ದೂರು ಕೊಟ್ಟು 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ ಪೊಲೀಸರು ತಿಳಿಸಬೇಕು. ಫೋನ್ ಬರಲಿಲ್ಲ ಅಂದರೆ ಬರವಣಿಗೆಯಲ್ಲಿ ಕೇಳಿ.

ನೋಟಿಸ್ ಬಂತು, ಅಥವಾ ಹಿಡಿದರು

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಸಲೀಸಾಗಿ ಮಾಡುವ ಕೆಲಸವಲ್ಲ. 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನೇ ಹೇಳಿದೆ. ಬಂಧನ ಯಾಕೆ ಬೇಕು ಅನ್ನುವ ಕಾರಣ ಬರೆದಿಡಬೇಕು. ಬೇಡ ಅನ್ನಿಸಿದರೆ ಬಿಎನ್‌ಎಸ್‌ಎಸ್ 35(3)ರ ನೋಟಿಸ್ ಕೊಟ್ಟು ಕರೆಸಬೇಕು. ನಮ್ಮ ಕುಡುಗೋಲಿನ ಕೇಸು ಈ ಗುಂಪಿನದೇ.

ನೋಟಿಸ್ ಬಂದರೆ ಊರು ಬಿಡಬೇಡಿ. ಹೇಳಿದ ದಿನ ಹೋಗಿ, ಹೋದದ್ದಕ್ಕೆ ಸ್ವೀಕೃತಿ ಕೇಳಿ. ಹೋಗಲಾಗದ ಕಾರಣ ಇದ್ದರೆ ಬರೆದು ತಿಳಿಸಿ. ನೋಟಿಸಿಗೆ ಸರಿಯಾಗಿ ನಡೆದುಕೊಳ್ಳುವವರೆಗೆ, ಬೇರೆ ಕಾರಣ ದಾಖಲಿಸದೆ ಬಂಧಿಸುವಂತಿಲ್ಲ. ತಪ್ಪಿಸಿಕೊಂಡರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ. ಈ ನೋಟಿಸನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಅದು ಜಾರಿಯಾದಂತಲ್ಲ ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ.

ಇಲ್ಲೇ ಇನ್ನೊಂದು ಮಾತು. "ಡಿಜಿಟಲ್ ಅರೆಸ್ಟ್" ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೋ ಕಾಲಿನಲ್ಲಿ ಯೂನಿಫಾರ್ಮ್ ತೋರಿಸಿ, ಹಣ ಹಾಕಿ ಅನ್ನುವವರು ಕಳ್ಳರು. ಫೋನ್ ಇಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಹೋಗಿದ್ದರೆ ಪ್ರತಿ ನಿಮಿಷವೂ ಮುಖ್ಯ, ಮನೆಯವರಿಗೆ ಹೇಳಲು ನಾಚಿಕೊಂಡು ಕೂರಬೇಡಿ.

ನಿಜವಾದ ಬಂಧನ ಹೀಗಿರಬೇಕು. ಬಂಧಿಸುವ ಅಧಿಕಾರಿಯ ಎದೆಯ ಮೇಲೆ ಹೆಸರು ಕಾಣಬೇಕು. ಅಲ್ಲೇ ಬಂಧನದ ಮೆಮೊ ಬರೆದು, ಮನೆಯವರೊಬ್ಬರ ಅಥವಾ ಆ ಜಾಗದ ಗೌರವಾನ್ವಿತರೊಬ್ಬರ ಸಾಕ್ಷಿ ಸಹಿ ಹಾಕಿಸಬೇಕು. ಮೆಮೊದಲ್ಲಿ ಸಮಯ ನಿಜವಾದದ್ದೇ ಇದೆಯಾ ಅಂತ ನೋಡಿ, 24 ಗಂಟೆಯ ಲೆಕ್ಕ ಅದರ ಮೇಲಿದೆ. ಬಂಧನಕ್ಕೆ ಕಾರಣವೇನು ಅನ್ನುವುದನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಬರವಣಿಗೆಯಲ್ಲಿ ಕೊಡಬೇಕು. ತಕ್ಷಣ ಆಗದಿದ್ದರೆ, ಮ್ಯಾಜಿಸ್ಟ್ರೇಟರ ಮುಂದೆ ತರುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಕೊಡಬೇಕು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಅಪರಾಧಗಳಿಗೂ ಇದನ್ನು ಅನ್ವಯಿಸಿದೆ. ಕನ್ನಡ ಮಾತ್ರ ಬಲ್ಲವರಿಗೆ ಇಂಗ್ಲಿಷ್ ಹಾಳೆ ಕೊಟ್ಟರೆ ಸಾಲದು.

ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ವೈದ್ಯಕೀಯ ತಪಾಸಣೆ ಆಗಬೇಕು. ವಿಚಾರಣೆಯ ಹೊತ್ತಿಗೆ, ಪೂರ್ತಿ ಸಮಯ ಅಲ್ಲದಿದ್ದರೂ, ವಕೀಲರನ್ನು ಭೇಟಿ ಮಾಡಲು ಬಿಡಬೇಕು. ಅಸಾಧಾರಣ ಸಂದರ್ಭ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವಂತಿಲ್ಲ. ಆಗಲೂ ಮಹಿಳಾ ಅಧಿಕಾರಿ ಇರಬೇಕು, ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನು, ನಿಶ್ಶಕ್ತರನ್ನು ಡಿವೈಎಸ್‌ಪಿ ಅನುಮತಿ ಇಲ್ಲದೆ ಹಿಡಿಯುವಂತಿಲ್ಲ.

ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಭಾನುವಾರ, ಹಬ್ಬದ ರಜೆ ಅನ್ನುವ ನೆಪ ಇಲ್ಲ, ನ್ಯಾಯಾಧೀಶರ ಮನೆಗೇ ಕರೆದೊಯ್ಯುತ್ತಾರೆ. ಅವರು "ಪೊಲೀಸರಿಂದ ಏನಾದರೂ ತೊಂದರೆ ಆಯಿತಾ?" ಅಂತ ಕೇಳುತ್ತಾರೆ. ಹೊಡೆದಿದ್ದರೆ ಆಗಲೇ ಹೇಳಿ, ಗಾಯ ತೋರಿಸಿ, ಬರೆದುಕೊಳ್ಳಿ ಅನ್ನಿ. ಹಿಂದೆ ನಿಂತ ಪೇದೆಯ ಭಯಕ್ಕೆ "ಇಲ್ಲ ಸ್ವಾಮಿ" ಅಂದವರ ಮಾತೇ ದಾಖಲೆಯಾಗಿ ಉಳಿಯುತ್ತದೆ.

ವಕೀಲರಿಗೆ ಕೊಡಲು ಹಣ ಇಲ್ಲವೇ? ಪ್ರತಿ ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯ 12ನೇ ಕಲಮಿನಂತೆ ಬಂಧನದಲ್ಲಿರುವವರು, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. 15100ಕ್ಕೆ ಕರೆ ಮಾಡಬಹುದು. ಸರ್ಕಾರ ಕೊಟ್ಟ ವಕೀಲರು ಕೆಲಸ ಮಾಡಲ್ಲ ಅನ್ನುವ ಮಾತನ್ನು ನಂಬಿ ಬಡವರು ಸಾಲ ಮಾಡುವುದನ್ನು ನೋಡಿದರೆ ಬೇಸರವಾಗುತ್ತದೆ. ಮೊದಲು ಅಲ್ಲಿ ಹೋಗಿ ಕೇಳಿ.

ಜಾಮೀನು

ಜಾಮೀನೀಯ ಅಪರಾಧದಲ್ಲಿ ಜಾಮೀನು ಹಕ್ಕು. ಠಾಣೆಯಲ್ಲೇ ಕೊಡಬೇಕು, ಜನ ಇದನ್ನು ಸ್ಟೇಷನ್ ಬೇಲ್ ಅನ್ನುತ್ತಾರೆ. ಅದಕ್ಕೆ ಶುಲ್ಕ ಇಲ್ಲ. ಬಡವರಿಗೆ ಒಂದು ವಾರದೊಳಗೆ ಜಾಮೀನುದಾರ ಸಿಗದಿದ್ದರೆ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು.

ಜಾಮೀನುರಹಿತ ಅಂದ ಕೂಡಲೇ ಜೈಲೇ ಗತಿ ಅಂತಲ್ಲ. ಠಾಣೆಯಲ್ಲಿ ಹಕ್ಕಾಗಿ ಸಿಗುವುದಿಲ್ಲ, ಕೋರ್ಟು ವಿವೇಚನೆಯಿಂದ ಕೊಡುತ್ತದೆ. ಕುಡುಗೋಲಿನ ಕೇಸಿನಂಥವನ್ನು ಮ್ಯಾಜಿಸ್ಟ್ರೇಟರೇ ನೋಡುತ್ತಾರೆ. ಮರಣದಂಡನೆ, ಜೀವಾವಧಿಯಂಥ ಶಿಕ್ಷೆಯ ಕೇಸು ಸಾಮಾನ್ಯವಾಗಿ ಸೆಷನ್ಸ್ ಕೋರ್ಟಿಗೆ ಹೋಗುತ್ತದೆ. ಅಲ್ಲೂ ಆಗದಿದ್ದರೆ ಹೈಕೋರ್ಟ್, ಬೆಂಗಳೂರು, ಧಾರವಾಡ ಅಥವಾ ಕಲಬುರಗಿ, ನಿಮ್ಮ ಜಿಲ್ಲೆ ಯಾವ ಪೀಠಕ್ಕೆ ಸೇರಿದೆಯೋ ಅಲ್ಲಿ. ಬಂಧನದ ಭಯ ಇದ್ದರೆ ಬಿಎನ್‌ಎಸ್‌ಎಸ್ 482ರ ಕೆಳಗೆ ನಿರೀಕ್ಷಣಾ ಜಾಮೀನಿಗೆ ಸೆಷನ್ಸ್ ಅಥವಾ ಹೈಕೋರ್ಟಿಗೆ ಹೋಗಬಹುದು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸಿನಲ್ಲಿ ಮೇಲ್ನೋಟಕ್ಕೆ ಅಪರಾಧ ಕಾಣುತ್ತಿದ್ದರೆ ಆ ಬಾಗಿಲು ಮುಚ್ಚಿರುತ್ತದೆ.

ಜಾಮೀನುದಾರರು ಪಹಣಿ, ಆಧಾರ್, ಫೋಟೋ ಹಿಡಿದು ನ್ಯಾಯಾಧೀಶರ ಮುಂದೆ ನಿಲ್ಲಬೇಕು. "ಆರೋಪಿ ನಿಮಗೆ ಏನಾಗಬೇಕು?" ಅಂತ ಕೇಳುತ್ತಾರೆ. ಕೋರ್ಟಿನ ಹೊರಗೆ ಹಣಕ್ಕೆ ಸಿಗುವ ಜಾಮೀನುದಾರರ ಹತ್ತಿರ ಹೋಗಬೇಡಿ. ದಾಖಲೆ ನಕಲಿ ಅಂತ ಗೊತ್ತಾದರೆ ಹೊಸ ಕೇಸು ಬೀಳುತ್ತದೆ. ನೆಂಟರಿಗೆ ಜಾಮೀನು ನಿಲ್ಲುವವರೂ ತಿಳಿದಿರಲಿ: ಅವರು ಕೋರ್ಟಿಗೆ ಬರದಿದ್ದರೆ ಬಾಂಡಿನ ಮೊತ್ತ ನೀವು ಕಟ್ಟಬೇಕು.

ಇನ್ನೊಂದು ಜಾಮೀನಿದೆ, ಅದು ದಿನಗಳ ಲೆಕ್ಕದ್ದು. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧದಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನದೊಳಗೆ ಪೊಲೀಸರ ದೋಷಾರೋಪ ಪಟ್ಟಿ (ಚಾರ್ಜ್‌ಶೀಟ್) ಬರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗುತ್ತದೆ. ಮೊದಲ ರಿಮ್ಯಾಂಡಿನ, ಅಂದರೆ ಮ್ಯಾಜಿಸ್ಟ್ರೇಟರು ಮೊದಲ ಸಲ ಕಸ್ಟಡಿಗೆ ಕಳಿಸಿದ, ದಿನವನ್ನೂ ಎಣಿಸಬೇಕು. ಚಾರ್ಜ್‌ಶೀಟ್ ಸಲ್ಲಿಕೆಯಾಗುವ ಮೊದಲೇ ಅರ್ಜಿ ಹಾಕಿರಬೇಕು, ಅರ್ಧ ದಿನ ತಡವಾದರೂ ಹಕ್ಕು ಕೈತಪ್ಪುತ್ತದೆ. ಮನೆಯವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ವಕೀಲರಿಗೆ ನೆನಪಿಸಿ. ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ. ಆದರೆ ಹೊಸ ಕಾನೂನಿನಲ್ಲಿ ಅದನ್ನು ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿ ಕೇಳಬಹುದು. ಒಮ್ಮೆ ಜೈಲಿಗೆ ಹೋದ ಮೇಲೆ ಠಾಣೆಗೆ ವಾಪಸ್ ಕರೆತರಲ್ಲ ಅಂತ ನೆಮ್ಮದಿಯಿಂದ ಇರುವಂತಿಲ್ಲ.

ಚಾರ್ಜ್‌ಶೀಟ್ ಅಥವಾ ಬಿ ರಿಪೋರ್ಟ್

ತನಿಖೆ ಮುಗಿದ ಮೇಲೆ ಎರಡರಲ್ಲೊಂದು. ಸಾಕ್ಷ್ಯ ಇದ್ದರೆ ದೋಷಾರೋಪ ಪಟ್ಟಿ. ಇಲ್ಲ ಅಂದರೆ ಕೇಸು ಮುಚ್ಚಿ ಅಂತ ಕೋರ್ಟಿಗೆ ಕೊಡುವ ಬಿ ರಿಪೋರ್ಟ್. ಬಿ ರಿಪೋರ್ಟ್ ಹಾಕಿದರೆ ದೂರುದಾರರಿಗೆ ಕೋರ್ಟಿನಿಂದ ನೋಟಿಸ್ ಬರುತ್ತದೆ. ಒಪ್ಪದಿದ್ದರೆ ತಕರಾರು ಅರ್ಜಿ ಹಾಕಿ, ನಿಮ್ಮ ಸಾಕ್ಷಿಗಳನ್ನು ನೇರವಾಗಿ ಕೋರ್ಟಿನ ಮುಂದೆ ತರಬಹುದು. ಆ ನೋಟಿಸನ್ನು ಮೂಲೆಗೆಸೆದರೆ ಕೇಸು ಅಲ್ಲಿಗೆ ಮುಗಿಯಿತು.

ರಾಜಿ ಬೇಕು ಅನ್ನಿಸಿದರೆ? ಕೈಯಿಂದ ಹೊಡೆದದ್ದು, ಬೈದದ್ದು, ಸಾಧಾರಣ ಬೆದರಿಕೆ ರಾಜಿಯಾಗುವ ಅಪರಾಧಗಳು, ಲೋಕ ಅದಾಲತ್ತಿನಲ್ಲೂ ಮುಗಿಸಬಹುದು. ಕುಡುಗೋಲಿನ 118(1) ಆ ಪಟ್ಟಿಯಲ್ಲಿಲ್ಲ. ಎರಡೂ ಕಡೆಯವರು ಒಪ್ಪಿದ್ದರೆ ಜಂಟಿಯಾಗಿ ಹೈಕೋರ್ಟಿಗೆ ಹೋಗಿ ಬಿಎನ್‌ಎಸ್‌ಎಸ್ 528ರ ಕೆಳಗೆ ರದ್ದು ಕೇಳಬೇಕಾಗುತ್ತದೆ. ಠಾಣೆಯಲ್ಲಿ ಕೂರಿಸಿ ಬರೆಸಿಕೊಂಡ ರಾಜಿಪತ್ರದಿಂದ ಕೋರ್ಟಿನಲ್ಲಿರುವ ಕೇಸು ಮುಗಿಯುವುದಿಲ್ಲ.

ವಿಚಾರಣೆ

ಚಾರ್ಜ್‌ಶೀಟಿನ ಪ್ರತಿ ಆರೋಪಿಗೆ ಉಚಿತ. ಕೇಸಿಗೆ ಸಿಸಿ ನಂಬರು, ಅಂದರೆ ಕೋರ್ಟಿನ ಕೇಸು ನಂಬರು, ಬೀಳುತ್ತದೆ, ಜೊತೆಗೆ ಸಿಎನ್‌ಆರ್ ಅನ್ನುವ 16 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ. ಅದನ್ನು ಇ-ಕೋರ್ಟ್ಸ್ ಆ್ಯಪಿಗೆ ಹಾಕಿದರೆ ಮುಂದಿನ ವಾಯಿದೆ ಮನೆಯಲ್ಲೇ ಗೊತ್ತಾಗುತ್ತದೆ. ವಾಯಿದೆ ತಪ್ಪಿಸಿದರೆ ವಾರಂಟ್. ಒಮ್ಮೆ ತಪ್ಪಿದರೆ ಪೊಲೀಸರು ಬರುವವರೆಗೆ ಕಾಯದೆ ವಕೀಲರ ಜೊತೆ ಹೋಗಿ ವಾರಂಟ್ ರದ್ದು ಮಾಡಿಸಿಕೊಳ್ಳಿ.

ದೂರುದಾರರ ಪರವಾಗಿ ಕೇಸು ನಡೆಸುವುದು ಸರ್ಕಾರಿ ಅಭಿಯೋಜಕರು, ಅಂದರೆ ಸರ್ಕಾರದ ವಕೀಲರು. ನಿಮ್ಮದೇ ವಕೀಲರನ್ನು ಅವರಿಗೆ ಸಹಾಯಕರಾಗಿ ಇಟ್ಟುಕೊಳ್ಳಬಹುದು. ಸಾಕ್ಷಿ ಹೇಳುವ ದಿನ ಸ್ವಲ್ಪ ಮುಂಚೆ ಹೋಗಿ ಅಭಿಯೋಜಕರನ್ನು ಕಂಡು ನಿಮ್ಮ ದೂರನ್ನು ಓದಿಕೊಳ್ಳಿ. ಪಾಟೀಸವಾಲಿನಲ್ಲಿ ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ", ನೆನಪಿಲ್ಲದ್ದಕ್ಕೆ "ನೆನಪಿಲ್ಲ" ಅನ್ನಿ. ಸೇರಿಸಿ ಹೇಳಲು ಹೋದಲ್ಲೇ ತಪ್ಪುವುದು. ಆರೋಪ ಸಾಬೀತು ಮಾಡುವ ಭಾರ ಅಭಿಯೋಜನೆಯದು, ಸಮಂಜಸವಾದ ಅನುಮಾನ ಉಳಿದರೆ ಅದರ ಲಾಭ ಆರೋಪಿಗೆ.

ತೀರ್ಪಿನ ದಿನವೇ ನಕಲಿಗೆ ಅರ್ಜಿ ಹಾಕಿ. ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿ ಕೂಡಲೇ ಉಚಿತವಾಗಿ ಸಿಗಬೇಕು. ಮೂರು ವರ್ಷದವರೆಗಿನ ಶಿಕ್ಷೆಯಾಗಿ, ಜಾಮೀನಿನ ಮೇಲಿದ್ದರೆ, ಮೇಲ್ಮನವಿ ಹಾಕುವಷ್ಟು ಸಮಯಕ್ಕೆ ಶಿಕ್ಷೆ ತಡೆಹಿಡಿಯಿರಿ ಅಂತ ಅದೇ ಕೋರ್ಟನ್ನು ಕೇಳಬಹುದು. ಸೆಷನ್ಸ್ ಕೋರ್ಟಿಗೆ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 60 ದಿನ. ನಕಲು ಸಿಗಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಬಿಡುತ್ತಾರೆ, ಅದಕ್ಕೇ ಅರ್ಜಿ ಹಾಕಿದ ತಾರೀಖು ಮುಖ್ಯ. ಆರೋಪಿ ಖುಲಾಸೆಯಾದರೆ, ಕಡಿಮೆ ಅಪರಾಧಕ್ಕೆ ಮಾತ್ರ ಶಿಕ್ಷೆಯಾದರೆ, ಪರಿಹಾರ ಸಾಲದಾದರೆ ಪೆಟ್ಟು ತಿಂದವರೂ ಮೇಲ್ಮನವಿ ಹಾಕಬಹುದು. ಸರ್ಕಾರ ಹಾಕಲಿ ಅಂತ ಕಾಯಬೇಕಿಲ್ಲ. ಖುಲಾಸೆಯ ವಿರುದ್ಧ ಹೋಗಲು ಸಂತ್ರಸ್ತರು ಕೋರ್ಟಿನ ವಿಶೇಷ ಅನುಮತಿ ಕೇಳುವ ಅಗತ್ಯವೂ ಇಲ್ಲ ಅಂತ 2018ರಲ್ಲಿ ಕರ್ನಾಟಕದಿಂದಲೇ ಹೋದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.